ಮತ್ತೆ ಬರುವ ದೋಣಿ: ಅಮೆಜಾನ್ ದಡದಲ್ಲಿ ಹ್ಯಾಲಿವೆಲ್ ದಂಪತಿಯ ಮಿಷನ್ ನಡೆದ ಬಗೆ

ಜೋಗದಲ್ಲಿ ಶರಾವತಿ ಒಂದೇ ನೆಗೆತಕ್ಕೆ 253 ಮೀಟರ್ ಕೆಳಗಿಳಿಯುತ್ತದೆ. ಅಮೆಜಾನ್ ನದಿ ಬ್ರೆಜಿಲ್‌ನ ಮನೌಸ್ ನಗರದಿಂದ ಕಡಲವರೆಗೆ ಸುಮಾರು 1,500 ಕಿಲೋಮೀಟರ್ ಹರಿದರೂ ಇಳಿಯುವುದು 30 ಮೀಟರಿಗಿಂತ ಕಡಿಮೆ. ಇಳಿಜಾರೇ ಇಲ್ಲವೆನ್ನಬಹುದಾದ ಈ ನೀರಿನ ಮೇಲೆ ಕಡಲ ಹಡಗುಗಳು ಪೆರುವಿನ ಇಕಿತೋಸ್‌ವರೆಗೂ, ಅಂದರೆ 3,600 ಕಿ.ಮೀ. ಒಳನಾಡಿಗೆ, ಹೋಗುತ್ತವೆ. ಆ ಹಡಗು ದಾಟಿಹೋಗುವ ದಡದಲ್ಲೇ ಕಂಬಗಳ ಮೇಲೆ ನಿಂತ ಒಂಟಿ ಮನೆಗಳಿವೆ. ಕಳೆದ ಶತಮಾನದ ಮೊದಲರ್ಧದಲ್ಲಿ ಆ ಮನೆಗಳಿಗೆ ವೈದ್ಯರು, ಮೇಷ್ಟ್ರು, ಪಾದ್ರಿ ಯಾರು ಬಂದರೂ ಅದು ಹಬ್ಬದ ಹಾಗೆ, ಅಪರೂಪಕ್ಕೆ. ಹೆದ್ದಾರಿ ಮನೆಬಾಗಿಲಲ್ಲೇ ಇತ್ತು, ಯಾವ ಬಂಡಿಯೂ ನಿಲ್ಲುತ್ತಿರಲಿಲ್ಲ ಅಷ್ಟೆ.

ನಿಲ್ಲುವುದಕ್ಕೆಂದೇ ಕಟ್ಟಿದ ಒಂದು ದೋಣಿ 1931ರಲ್ಲಿ ನೀರಿಗಿಳಿಯಿತು. ಹೆಸರು ಲುಝೇರೊ, ಪೋರ್ಚುಗೀಸಿನಲ್ಲಿ ಬೆಳಕು ಹೊತ್ತದ್ದು ಎಂದರ್ಥ. ಉದ್ದ ಸುಮಾರು 10 ಮೀಟರ್. ಅದರಲ್ಲಿ ಓಡಾಡಿದವರು ಅಮೆರಿಕದ ಲಿಯೋ ಹ್ಯಾಲಿವೆಲ್ ಮತ್ತು ಜೆಸ್ಸಿ ಹ್ಯಾಲಿವೆಲ್ ದಂಪತಿ. ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರು. ಬೆಂಗಳೂರಿನ ದೂರವಾಣಿನಗರದ ಲೌರಿ ಶಿಕ್ಷಣ ಸಂಸ್ಥೆಗಳನ್ನು ನಡೆಸುವುದೂ ಇದೇ ಪಂಥ. ಲಿಯೋ ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಜೆಸ್ಸಿ ತರಬೇತಾದ ನರ್ಸ್. 1921ರಲ್ಲಿ ಬ್ರೆಜಿಲ್‌ನ ಬಾಯಿಯಾ ಪ್ರಾಂತ್ಯಕ್ಕೆ ಬಂದವರು, ಆ ದಶಕದ ಕೊನೆಗೆ ಅಮೆಜಾನ್ ಮುಖದ ಬೆಲೆಂಗೆ ಹೋದರು. ಅಲ್ಲಿಂದಾಚೆ ಸುಮಾರು ಮೂರು ದಶಕ ಬೆಲೆಂ ಮತ್ತು ಮನೌಸ್ ನಡುವಿನ ಹೊಳೆ, ಉಪನದಿಗಳೇ ಅವರ ಊರು.

ಇಂಥ ಕೆಲಸದ ಬಗ್ಗೆ ಬರೆಯುವವರು ಒಂದೋ ತ್ಯಾಗದ ಕತೆ ಹೇಳುತ್ತಾರೆ, ಇಲ್ಲವೇ ಮತಾಂತರದ ಆರೋಪಪಟ್ಟಿ ಓದುತ್ತಾರೆ. ಎರಡರಲ್ಲೂ ಕೆಲಸ ಹೇಗೆ ನಡೆಯಿತು ಎಂಬುದು ಮರೆಯಾಗಿಬಿಡುತ್ತದೆ. ಹೊಳೆಯೂರಿನ ಮಿಷನ್ ಅರ್ಥವಾಗಬೇಕಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಇವತ್ತು ನಿಂತ ದೋಣಿ ಮತ್ತೆ ಯಾವಾಗ ಬರುತ್ತದೆ? ಯಾವ ಕಾಯಿಲೆಗೆ ಮದ್ದು ಕೊಡಬಹುದು, ಎಲ್ಲಿ ಶಾಲೆ ತೆರೆಯಬಹುದು, ಯಾರು ಸಭೆ ಸೇರುತ್ತಾರೆ, ಎಲ್ಲವೂ ಅದರ ಮೇಲೆ ನಿಂತಿದೆ.

ಹೊಳೆಯ ಪಂಚಾಂಗ

ಮನೌಸ್‌ನಲ್ಲಿ ಮಾಮೂಲಿ ವರ್ಷದಲ್ಲೂ ನೀರು ಸುಮಾರು 10 ಮೀಟರ್ ಏರಿ ಇಳಿಯುತ್ತದೆ. ತುಂಬು ಹೊಳೆ ಜೂನ್ ಆಸುಪಾಸು, ತಳ ಕಾಣುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ನೆರೆ ಏರಿ ಇಳಿಯುವ ತಗ್ಗು ನೆಲವನ್ನು ಅಲ್ಲಿನವರು ವಾರ್ಜಿಯ ಎನ್ನುತ್ತಾರೆ. ಎಂದೂ ಮುಳುಗದ ದಿಬ್ಬಕ್ಕೆ ತೆರಾ ಫಿರ್ಮೆ, ಗಟ್ಟಿ ನೆಲ, ಎಂದು ಹೆಸರು. ಮೆಕ್ಕಲು ಮಣ್ಣಿನ ಆಸೆಗೆ ಜನ ವಾರ್ಜಿಯದಲ್ಲಿ ಮನೆ ಮಾಡುತ್ತಾರೆ. ನೀರು ಮನೆಯ ಹಲಗೆ ಮುಟ್ಟಿದಾಗ ನೆಲಗಟ್ಟನ್ನೇ ಇನ್ನಷ್ಟು ಮೇಲಕ್ಕೆ ಕಟ್ಟಿಕೊಂಡು ಉಳಿಯುತ್ತಾರೆ.

ತುಂಬು ಹೊಳೆಯಲ್ಲಿ ದೋಣಿಯವರಿಗೆ ಸುಖವಿದೆ. ಎರಡು ನದಿ ಕೂಡಿಸುವ ಫೂರು ಎಂಬ ಕಾಲುವೆಗಳಲ್ಲಿ ನೀರು ನಿಂತು ಹತ್ತಾರು ಕಿಲೋಮೀಟರ್ ಸುತ್ತು ತಪ್ಪುತ್ತದೆ, ಲಾಂಚ್ ನೇರ ಮನೆ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಕಷ್ಟವೆಂದರೆ ಆಗ ಜನ ಒಂದೆಡೆ ಸೇರುವುದಿಲ್ಲ. ಪ್ರತಿ ಮನೆಯೂ ಒಂದೊಂದು ದ್ವೀಪ. ನೀರು ಇಳಿದಾಗ ಮರಳದಿಣ್ಣೆ ಮೇಲೆದ್ದು ಊರವರೆಲ್ಲ ಮೀನಿಗೆ ಒಂದೆಡೆ ಬರುತ್ತಾರೆ, ಸಭೆಗೂ ಸಾಲು ಚಿಕಿತ್ಸೆಗೂ ಅದು ಒಳ್ಳೆಯ ಕಾಲ. ಆದರೆ ಲಾಂಚ್ ಊರಿನಿಂದ ಅರ್ಧ ಕಿಲೋಮೀಟರ್ ಆಚೆಯೇ ಲಂಗರು ಹಾಕಬೇಕು. ಆಳ ಅಳೆಯದೆ ದಡಕ್ಕೆ ಒತ್ತಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ನೀರು ಸರಿದು ದೋಣಿ ಕೆಸರಿನಲ್ಲಿ ಓರೆಯಾಗಿ ಕೂತಿರುತ್ತದೆ. ಮತ್ತೆ ತೇಲಿಸುವುದಕ್ಕೆ ಮುಂದಿನ ಮಳೆಗಾಲದವರೆಗೂ ಕಾಯಬೇಕಾಗಬಹುದು.

ಬೆಲೆಂ ಕಡೆಯ ಲೆಕ್ಕ ಬೇರೆ, ಅಲ್ಲಿ ಆಳುವುದು ಕಡಲಿನ ಭರತ ಇಳಿತ. ಅದರ ಉಸಿರು ಓಬಿದೋಸ್‌ವರೆಗೂ, ನೂರಾರು ಕಿಲೋಮೀಟರ್ ಮೇಲಕ್ಕೆ, ತಟ್ಟುತ್ತದೆ. ಅಲ್ಲಿ ಹಗ್ಗ ಬಿಗಿದು ಕಟ್ಟುವ ಹಾಗಿಲ್ಲ. ಬಿಗಿದರೆ ಇಳಿತದಲ್ಲಿ ದೋಣಿ ಕಂಬಕ್ಕೆ ನೇತುಬೀಳುತ್ತದೆ, ಭರತದಲ್ಲಿ ಮೂತಿ ನೀರಿಗೆ ಅದುಮಿಕೊಳ್ಳುತ್ತದೆ.

ಹೊಳೆಯ ಎದುರು ಹೋಗುವಾಗ ದಡದ ಬದಿ, ಹೊಳೆಯ ಜೊತೆ ಬರುವಾಗ ನಡುನೀರು: ಇದು ಅಲ್ಲಿನ ಮೊದಲ ಪಾಠ, ಏಕೆಂದರೆ ದಡದ ಹತ್ತಿರ ಸೆಳೆತ ಕಡಿಮೆ. ಹಾಗಂತ ದಡಕ್ಕೆ ತೀರಾ ಅಂಟಿಕೊಂಡರೆ ಇನ್ನೊಂದು ಅಪಾಯ. ನೀರು ಇಳಿಯುವ ತಿಂಗಳುಗಳಲ್ಲಿ ಕೆಳಗಿನ ಮಣ್ಣು ಕೊರೆದುಹೋಗಿ ಇಡೀ ದಂಡೆ ಮರಗಳ ಸಮೇತ ಕುಸಿಯುತ್ತದೆ. ಅದಕ್ಕೆ 'ತೆರಾಸ್ ಕಾಯಿದಾಸ್', ಬಿದ್ದ ನೆಲ, ಎಂಬ ಹೆಸರೇ ಇದೆ. ಹಾಗೆ ಬಿದ್ದ ಮರಗಳು ಅರ್ಧ ಮುಳುಗಿ ತೇಲುತ್ತವೆ. ಆದ್ದರಿಂದ ಚಿಕ್ಕ ದೋಣಿ ರಾತ್ರಿ ಓಡಬಾರದು. ತೇಲುವ ಹುಲ್ಲುಗಾವಲು ಪ್ರೊಪೆಲರಿಗೆ ಸುತ್ತಿಕೊಂಡರೆ ಇಂಜಿನ್ ನಿಲ್ಲಿಸಿ ನೀರಿಗಿಳಿದು ಕತ್ತಿಯಲ್ಲಿ ಕೊಯ್ಯುವುದೇ ದಾರಿ; ಹಠ ಮಾಡಿ ಓಡಿಸಿದರೆ ಶಾಫ್ಟ್ ಡೊಂಕಾಗುತ್ತದೆ. ಇಂಜಿನ್ ತಂಪಾಗಿಸಲು ಹೊಳೆನೀರನ್ನೇ ಎಳೆಯುವ ಪಂಪುಗಳಿಗೆ ನಿಜವಾದ ಶತ್ರು ಮೆಕ್ಕಲು. ಜಾಲರಿ ದಿನಾ ತೊಳೆಯದಿದ್ದರೆ ನೀರು ಸಾಲದೆ ಇಂಜಿನ್ ಕಾಯುತ್ತದೆ, ತೊಳೆದರೂ ನುಣ್ಣನೆ ಮಣ್ಣು ಪಂಪಿನ ಒಳಮೈಯನ್ನು ಸವೆಸುತ್ತಲೇ ಇರುತ್ತದೆ. ಮರದ ದೋಣಿಗೆ ಅಲ್ಲಿನವರು ಮೆಚ್ಚುವುದು ಇತಾಊಬ ಎಂಬ ಮರ, ನೀರಿನಲ್ಲಿ ಕೊಳೆಯುವುದಿಲ್ಲ. ಹಲಗೆ ಸಂದಿಗೆ ಹತ್ತಿ ತುರುಕಿ ರಾಳ ಬಳಿಯುತ್ತಾರೆ.

ಗಂಡ ಇಂಜಿನಿಯರ್ ಆಗಿದ್ದದ್ದು ಇಲ್ಲಿ ಅದೃಷ್ಟದ ಮಾತಲ್ಲ, ಇಡೀ ಯೋಜನೆಯ ಬುನಾದಿ. ಲುಝೇರೊ ಲಿಯೋ ಅವರೇ ಯೋಚಿಸಿ ರೂಪಿಸಿದ ದೋಣಿ. ರಿಪೇರಿಗೆ ಪೇಟೆಗೆ ಹೋಗಬೇಕಾದ ದೋಣಿ ಅಮೆಜಾನ್‌ನಲ್ಲಿ ವರ್ಷದ ಬಹುಪಾಲು ಪೇಟೆಯಲ್ಲೇ ಇರುತ್ತದೆ. ಇಬ್ಬರಲ್ಲಿ ಒಬ್ಬರು ಯಂತ್ರಕ್ಕೆ, ಒಬ್ಬರು ರೋಗಿಗೆ, ಸಂಜೆ ಬೋಧನೆಗೆ ಇಬ್ಬರೂ: ಕೆಲಸ ನಡೆದದ್ದು ಹೀಗೆ. ವಿದ್ಯುತ್ತೇ ಕಾಣದ ದಡದಲ್ಲಿ ದೀಪ ಹಚ್ಚಿ ಪರದೆಯ ಮೇಲೆ ಚಿತ್ರ ತೋರಿಸಿದರೆ ದೂರದೂರದ ಓಡಗಳು ಬಂದು ಸೇರುತ್ತಿದ್ದವು. ಜನ ಬಂದದ್ದು ಚಿತ್ರಕ್ಕೋ ಸುವಾರ್ತೆಗೋ ಎಂದು ಕೇಳಿದರೆ, ಮೊದಲ ಸಲ ಚಿತ್ರಕ್ಕೇ ಎನ್ನಬೇಕು.

ಒಂದೇ ಭೇಟಿಗೆ ಬಗ್ಗುವ ಕಾಯಿಲೆ, ಬಗ್ಗದ ಕಾಯಿಲೆ

ಮನೆಯಲ್ಲಿ ಕಾಯಿಲೆಯಿದ್ದರೆ ದಡದ ಕೋಲಿಗೆ ಬಿಳಿ ಬಟ್ಟೆ ಕಟ್ಟುವುದು, ಕಂಡಲ್ಲಿ ಲಾಂಚ್ ನಿಲ್ಲುವುದು. ಈ ಸಂಕೇತ ಹ್ಯಾಲಿವೆಲ್ ಕಾಲದಲ್ಲಿ ಹೊಳೆಯುದ್ದಕ್ಕೂ ಹಬ್ಬಿತು. ನಿಂತ ಮೇಲೆ ಮಾಡಬಹುದಾದ್ದು ಎಷ್ಟು?

ಹಲ್ಲು ಕೀಳುವುದು ಒಂದೇ ಭೇಟಿಯ ಕೆಲಸ. ಇಕ್ಕಳಗಳನ್ನು 20 ನಿಮಿಷ ಕುದಿಸಿ, ಹಲ್ಲು ಕಿತ್ತು, ಅರಳೆ ಕಚ್ಚಿಸಿ, ರಕ್ತ ನಿಲ್ಲುವವರೆಗೆ ಕೂರಿಸಿಕೊಂಡರೆ ಮುಗಿಯಿತು. ಸಿಡುಬಿನ ಲಸಿಕೆಯೂ ಹಾಗೇ. ಕೊಕ್ಕೆಹುಳಕ್ಕೆ ಆಗ ಎರಡು ಮದ್ದಿದ್ದವು: ಚಿನೊಪೋಡಿಯಂ ಎಣ್ಣೆ ಮತ್ತು ಟೆಟ್ರಾಕ್ಲೋರೋಎಥಿಲೀನ್. ಮೊದಲನೆಯದನ್ನು ತೆಗೆಯುವ ಗಿಡ ಅಲ್ಲಿನ ಹಿತ್ತಿಲಲ್ಲೇ ಬೆಳೆಯುತ್ತದೆ, ಮಾಸ್ತ್ರೂಸ್ ಎನ್ನುತ್ತಾರೆ. ಗಿಡದ ಕಷಾಯ ಸೌಮ್ಯ, ಎಣ್ಣೆ ಹಾಗಲ್ಲ. ಹುಳ ಸಾಯುವ ಪ್ರಮಾಣಕ್ಕೂ ಮಗು ಸಾಯುವ ಪ್ರಮಾಣಕ್ಕೂ ಅಂತರ ಕಡಿಮೆ, ತೂಕ ನೋಡಿ ಹನಿ ಎಣಿಸಿ ಕೊಡಬೇಕು. ಹುಳ ಬಿದ್ದ ಮೇಲಿನ ಕತೆಯೇ ಬೇಸರದ್ದು. ವಾರ್ಜಿಯದಲ್ಲಿ ಕಕ್ಕಸು ಗುಂಡಿ ತೋಡಿದರೆ ಮುಂದಿನ ನೆರೆಗೆ ಅದು ತುಂಬಿ ತೇಲಿ ಮನೆಯ ಸುತ್ತ ಹರಡುತ್ತದೆ, ನೀರು ಇಳಿದ ಮೇಲೆ ಬರಿಗಾಲಿಗೆ ಅದೇ ಮಣ್ಣು. ಹುಳ ಬೀಳಿಸಿದ ಲೆಕ್ಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ವರ್ಷ ಬಿಟ್ಟು ಅದೇ ಮಗು ಅದೇ ಬಿಳಿಚಿದ ಮುಖ ಹೊತ್ತು ಬರುತ್ತದೆ.

ಯಾಸ್ ಎಂಬ ಚರ್ಮರೋಗ, ಅಲ್ಲಿನ ಮಾತಿನಲ್ಲಿ ಬೋಬ, ಮಕ್ಕಳ ಮೈತುಂಬ ಹುಣ್ಣಾಗಿ ಕೊನೆಗೆ ಮೂಳೆಯನ್ನೂ ತಿನ್ನುತ್ತದೆ. ಮೂವತ್ತರ ದಶಕದಲ್ಲಿ ಇದಕ್ಕಿದ್ದದ್ದು ಆರ್ಸೆನಿಕ್ ಬೆರೆತ ಚುಚ್ಚುಮದ್ದು. ಅದನ್ನು ವಾರ ವಾರ ರಕ್ತನಾಳಕ್ಕೇ ಕೊಡಬೇಕು, ಸೂಜಿ ಚೂರು ಸರಿದು ಮದ್ದು ಹೊರಗೆ ಸೋರಿದರೆ ಮಾಂಸ ಕೊಳೆಯುತ್ತದೆ. ತಿಂಗಳುಗಟ್ಟಲೆ ಮತ್ತೆ ಬರದ ದೋಣಿಗೆ ವಾರದ ಮದ್ದು ಹೊಂದುವುದಾದರೂ ಹೇಗೆ? ಒಂದು ಚುಚ್ಚಿಗೆ ಹುಣ್ಣು ಒಣಗಿ ಎಲ್ಲರಿಗೂ ಸಂತೋಷವಾಗುತ್ತಿತ್ತು, ಬೇರು ಮೈಯೊಳಗೇ ಉಳಿಯುತ್ತಿತ್ತು. ಎರಡನೇ ಮಹಾಯುದ್ಧದ ನಂತರ, ಮೈಯಲ್ಲಿ ನಿಧಾನಕ್ಕೆ ಕರಗುವ ಪೆನಿಸಿಲಿನ್ ಬಂದು ಒಂದೇ ಚುಚ್ಚುಮದ್ದಿಗೆ ರೋಗ ಹೋಗುವಂತಾಯಿತು. ಹೊಳೆಯ ಕೆಲಸವನ್ನೇ ಬದಲಿಸಿದ ಮದ್ದು ಇದು. (2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಚುಚ್ಚುವುದೂ ಬೇಡ, ಒಂದು ಸಲ ನುಂಗುವ ಅಜಿಥ್ರೊಮೈಸಿನ್ ಸಾಕು ಎಂದು ತೋರಿಸಿತು.)

ಮಲೇರಿಯಾ ಮಾತ್ರ ಯಾವ ಭೇಟಿಗೂ ಬಗ್ಗದು. ಮಲೆನಾಡಿನ ಹಿರಿಯರಿಗೆ ಕ್ವಿನೈನಿನ ಕಹಿ ಹೇಳಿಕೊಡಬೇಕಿಲ್ಲ. ದಿನಕ್ಕೆ ಮೂರು ಹೊತ್ತು, ಏಳು ದಿನ. ಮೂರನೆಯ ದಿನಕ್ಕೆ ಜ್ವರ ಬಿಡುತ್ತದೆ, ಕಿವಿಯಲ್ಲಿ ಗುಂಯ್‌ಗುಡುವುದು ಶುರುವಾಗುತ್ತದೆ. ಉಳಿದ ಗುಳಿಗೆ ಮುಂದಿನ ಜ್ವರಕ್ಕೆಂದು ಸೂರಿನ ಗರಿಯೊಳಗೆ ಸೇರುತ್ತದೆ, ಇಲ್ಲವೇ ಪಕ್ಕದ ಮನೆಗೆ ಹೋಗುತ್ತದೆ. ಆಸೆಬುರುಕತನವಲ್ಲ ಅದು, ದೋಣಿ ಮತ್ತೆ ಯಾವಾಗ ಬಂದೀತೆಂದು ಗೊತ್ತಿಲ್ಲದವರ ಲೆಕ್ಕಾಚಾರ. ಫಲವಾಗಿ ಎರಡು ಮನೆಯಲ್ಲೂ ಅರ್ಧ ಚಿಕಿತ್ಸೆ, ಎರಡು ಮನೆಗೂ ಜ್ವರ ವಾಪಸು. ಏಳು ದಿನ ಪೂರ್ತಿ ನುಂಗಿದರೂ ವೈವ್ಯಾಕ್ಸ್ ಜಾತಿಯ ಪರೋಪಜೀವಿ ಪಿತ್ತಜನಕಾಂಗದಲ್ಲಿ ಅಡಗಿ ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಕ್ವಿನೈನಿಗೆ ಅದು ಸಿಗುವುದಿಲ್ಲ. ಓದು ಬಾರದ ಮನೆಗೆ ಮದ್ದು ಬಿಟ್ಟುಹೋಗುವಾಗ ದಿನಕ್ಕೊಂದರಂತೆ ಏಳು ಪೊಟ್ಟಣ ಕಟ್ಟಿ, ಒಂದೊಂದರ ಮೇಲೆ ಬೆಳಗು, ನಡುಹಗಲು, ಸಂಜೆಯ ಸೂರ್ಯನನ್ನು ಬರೆದು, ಮನೆಯ ಹೆಂಗಸಿನ ಕೈಗೇ ಕೊಡುವುದು ಇದ್ದುದರಲ್ಲಿ ಒಳ್ಳೆಯ ಉಪಾಯ.

ಕ್ವಿನೈನ್ ಕೊಡುವ ಸಿಂಕೋನಾ ಮರ ಹುಟ್ಟಿದ್ದೇ ಅಮೆಜಾನ್ ಉಪನದಿಗಳು ಇಳಿಯುವ ಆಂಡಿಸ್ ಇಳಿಜಾರಿನಲ್ಲಿ. 1860ರ ದಶಕದಲ್ಲಿ ಬೀಜ ಹೊರಸಾಗಿ ಜಾವಾದ ತೋಟ ಸೇರಿತು. ಲುಝೇರೊ ಓಡುವ ಹೊತ್ತಿಗೆ ಜಗತ್ತಿನ ಕ್ವಿನೈನ್ ಹೆಚ್ಚುಕಡಿಮೆ ಪೂರ್ತಿ ಜಾವಾದಿಂದಲೇ ಬರುತ್ತಿತ್ತು. 1942ರಲ್ಲಿ ಜಪಾನ್ ಜಾವಾ ಹಿಡಿದಾಗ, ಮದ್ದಿನ ತವರಾದ ಹೊಳೆಯಲ್ಲೇ ಮದ್ದಿಗೆ ಬರ. ಆಮೇಲೆ ಹೆಚ್ಚಾಗಿ ಬಳಕೆಗೆ ಬಂದದ್ದು ಮೈಚರ್ಮ ಹಳದಿ ಮಾಡುವ ಅಟೆಬ್ರಿನ್.

ಎಲ್ಲ ಹೊಳೆಯೂ ಒಂದೇ ಅಲ್ಲ ಎಂಬುದೂ ಇಲ್ಲಿ ಸೇರಬೇಕು. ರಿಯೋ ನೇಗ್ರೊ ಕಪ್ಪು ನೀರಿನದು, ಚಹಾ ಡಿಕಾಕ್ಷನ್ ಬಣ್ಣ, ಆಮ್ಲೀಯ, ಸೊಳ್ಳೆ ಕಡಿಮೆ. ಹಾಗಾದರೆ ಜನ ಅಲ್ಲೇ ತುಂಬಿರಬೇಕಿತ್ತಲ್ಲ? ಆ ನೀರಿನಲ್ಲಿ ಮೆಕ್ಕಲಿಲ್ಲ, ಮೀನೂ ಬೆಳೆಯೂ ಬಡವು. 'ಹಸಿವಿನ ನದಿ' ಎಂದೇ ಕರೆಯುತ್ತಾರೆ. ಮೆಕ್ಕಲಿನ ಬಿಳಿ ನೀರಿನ ನದಿಗಳಲ್ಲಿ ಊಟವೂ ಉಂಟು, ಚಳಿಜ್ವರವೂ ಉಂಟು.

ಕುಡಿಯುವ ನೀರಿಗೆ ಈಗಿನ ಬ್ರೆಜಿಲ್ ಆರೋಗ್ಯ ಇಲಾಖೆ ಹೇಳುವ ಅಳತೆ ಹೀಗಿದೆ: ಶೇ. 2.5ರ ಹೈಪೋಕ್ಲೋರೈಟ್ ದ್ರಾವಣ ಲೀಟರಿಗೆ 2 ಹನಿ, ನಂತರ 30 ನಿಮಿಷ ಕಾಯಬೇಕು. ಬಿಳಿ ನೀರನ್ನು ಮೊದಲು ಮಡಕೆಯಲ್ಲಿ ತಂಗಲು ಬಿಟ್ಟು ಬಟ್ಟೆಯಲ್ಲಿ ಸೋಸದಿದ್ದರೆ ಆ ಕ್ಲೋರಿನ್ನನ್ನು ಕೆಸರೇ ತಿಂದುಹಾಕುತ್ತದೆ. ಒಣಗಾಲದ ಮರಳದಿಣ್ಣೆಯಲ್ಲಿ ಕಾಲಿಗೆ ತೊರಕೆ ಮೀನಿನ ಮುಳ್ಳು ತಾಗಿದರೆ, ತಾಳುವಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಅರ್ಧದಿಂದ ಒಂದೂವರೆ ಗಂಟೆ ಕಾಲು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ. ನೀರಲ್ಲಿ ಕಾಲೆತ್ತದೆ ಎಳೆದುಕೊಂಡು ನಡೆದರೆ ಮುಳ್ಳು ತಾಗುವುದು ಕಡಿಮೆ. ಇದನ್ನು ಹೊರಗಿನವರಿಗೆ ಕಲಿಸಿದವರು ಅಲ್ಲಿನ ಮಕ್ಕಳೇ ಇರಬೇಕು.

ಪರೆಯಿಲ್ಲದ ಮೀನು

ಹೊಳೆದಡದ ಜನ ಆಗಲೇ ಕ್ರೈಸ್ತರು, ಕ್ಯಾಥೊಲಿಕರು. ಪೋರ್ಚುಗೀಸ್, ಮೂಲನಿವಾಸಿ, ಆಫ್ರಿಕನ್ ನೆತ್ತರು ಬೆರೆತ ಅವರನ್ನು ಕಬೊಕ್ಲು ಎನ್ನುತ್ತಾರೆ. ಸಂತರ ಜಾತ್ರೆ, ಹರಕೆ, ಮಂತ್ರ ಹಾಕುವ ಪಜೆ, ಹುಡುಗಿಯರನ್ನು ಮರುಳುಮಾಡುವ ಹೊಳೆ ಡಾಲ್ಫಿನ್, ಎಲ್ಲವೂ ಒಂದೇ ಮನೆಯಲ್ಲಿ. ಹ್ಯಾಲಿವೆಲ್ ದಂಪತಿಗಿಂತ ಬಹಳ ಹಿಂದೆ ಬಂದಿದ್ದ ಜೆಸುಯಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳು ಟುಪಿ ಎಂಬ ಮೂಲನಿವಾಸಿ ಮಾತನ್ನು ತಿದ್ದಿ ಎಲ್ಲ ಬುಡಕಟ್ಟುಗಳಿಗೂ ಸಾಮಾನ್ಯ ಭಾಷೆಯೊಂದನ್ನು ಹಬ್ಬಿಸಿದ್ದರು. ಪೋರ್ಚುಗಲ್ ಅವರನ್ನು 1759ರಲ್ಲಿ ಹೊರಹಾಕಿತು. ಆ ಭಾಷೆ ಮಾತ್ರ ಉಳಿಯಿತು; ಅದರ ಇಂದಿನ ರೂಪವಾದ ನ್ಯೆಂಗಾತು ಸಾವ್ ಗಾಬ್ರಿಯೆಲ್ ದಾ ಕಶೊಯಿರಾ ಊರಿನಲ್ಲಿ 2002ರಿಂದ ಆಡಳಿತ ಭಾಷೆಗಳಲ್ಲೊಂದು.

ಇಂಥ ಕಡೆ ಅಡ್ವೆಂಟಿಸ್ಟರು ತಂದದ್ದು ದೇವರನ್ನಲ್ಲ, ಒಂದು ದಿನಚರಿ. ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಮುಳುಗುವವರೆಗೆ ಸಬ್ಬತ್, ಕೆಲಸವಿಲ್ಲ. ಮರಗೆಣಸಿನ ಹಿಟ್ಟು ಮಾಡುವ ಮನೆಗೆ ಇದು ಸಣ್ಣ ಮಾತಲ್ಲ. ಕಹಿ ಮರಗೆಣಸಿನಲ್ಲಿ ಸಯನೈಡ್ ಇರುವುದರಿಂದ ನೆನೆಹಾಕಿ, ತುರಿದು, ತಿಪಿತಿ ಎಂಬ ಹೆಣೆದ ಉದ್ದ ಚೀಲದಲ್ಲಿ ಹಿಂಡಿ, ದೊಡ್ಡ ಬಾಣಲೆಯಲ್ಲಿ ಹುರಿಯಬೇಕು. ಗೆಣಸು ನೆನೆದು ಹದಕ್ಕೆ ಬಂದ ದಿನ ಶನಿವಾರವಾದರೆ ಅದು ಕಾಯುವುದಿಲ್ಲ, ಹುಳಿ ಹೆಚ್ಚುತ್ತದೆ. ಹಾಗಾಗಿ ಸಭೆ ಸೇರಿದ ಮನೆಯಲ್ಲಿ ಮೊದಲು ಬದಲಾಗಬೇಕಾದದ್ದು ಗೆಣಸು ನೆನೆಹಾಕುವ ವಾರ.

ಊಟದ ಕಟ್ಟಳೆ ಇನ್ನೂ ಬಿಗಿ. ಯಾಜಕಕಾಂಡ 11ನೇ ಅಧ್ಯಾಯದ ಪ್ರಕಾರ ಹಂದಿ ವರ್ಜ್ಯ, ಪರೆಯಿಲ್ಲದ ಮೀನೂ ವರ್ಜ್ಯ. ಅಮೆಜಾನ್‌ನ ದೊಡ್ಡ ಮೀನುಗಳಲ್ಲಿ ಸುರುಬಿಂ, ದೊರಾದದಂಥ ಮೀಸೆ ಮೀನುಗಳಿಗೆ ಪರೆ ಇಲ್ಲ. ಕೇಳಿದರೆ ಬದುಕೇ ಕಷ್ಟವೆನಿಸುತ್ತದೆ. ಆದರೆ ಅಲ್ಲಿನವರಲ್ಲಿ ಮೊದಲಿಂದಲೂ 'ರೈಮೋಜು' ಎಂಬ ಪಥ್ಯದ ನಂಬಿಕೆಯಿದೆ: ನುಣುಪು ಮೈಯ ಮೀನು ನಂಜು, ಬಾಣಂತಿಗೆ, ಗಾಯವಿದ್ದವರಿಗೆ ಕೊಡಬಾರದು. ನಮ್ಮಲ್ಲಿ ಗಾಯವಾದವರಿಗೆ ಬದನೆಕಾಯಿ ನಂಜು ಎಂದ ಹಾಗೆಯೇ. ಪಿರರುಕು, ತಂಬಕಿಗಳಿಗೆ ಪರೆಯಿದೆ, ಅವು ಗ್ರಂಥದ ಲೆಕ್ಕದಲ್ಲಿ ಪಾಸು. ಎಲ್ಲಿಂದಲೋ ಬಂದ ಗ್ರಂಥದ ಕಟ್ಟಳೆ ಅಜ್ಜಿಯ ಪಥ್ಯಕ್ಕೆ ಹೀಗೆ ಹೊಂದಿಕೊಂಡಾಗ ಅದನ್ನು ಒಪ್ಪುವುದು ಸುಲಭ. ಕಷ್ಟವಾದದ್ದು ಆಮೆ, ಕಾಡುಹಂದಿ, ಪಾಕಾ ಎಂಬ ದೊಡ್ಡ ಇಲಿಯಂಥ ಪ್ರಾಣಿ, ಇವನ್ನು ಬಿಡುವುದು.

ಇವೆಲ್ಲ ದೋಣಿ ದಡದಲ್ಲಿದ್ದಾಗ ನಡೆಯುತ್ತವೆ. ಹೋದ ಮೇಲೆ? ಓದು ಬಲ್ಲ ಒಬ್ಬರಾದರೂ ಊರಿನಲ್ಲಿ ಉಳಿಯದಿದ್ದರೆ ಮುಂದಿನ ಭೇಟಿಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಸಭೆಯ ಹಿಂದೆಯೇ ಶಾಲೆ ಬಂತು. ಸಾತೆರೆ ಮಾವೆ ಎಂಬ ಮೂಲನಿವಾಸಿ ಜನರ ಮಾವೆಸ್ ಸೀಮೆ ಇದಕ್ಕೆ ಮೊದಲ ನೆಲೆಗಳಲ್ಲೊಂದು. ಓದು, ಲೆಕ್ಕ ಬಂದ ಮನೆಗೆ ಇನ್ನೊಂದು ಲಾಭವಿತ್ತು. ರಬ್ಬರ್ ಕಾಲದಿಂದ ನಡೆದುಬಂದ ಅವಿಯಮೆಂಟು ಪದ್ಧತಿಯಲ್ಲಿ ಧಣಿ ಸಾಮಾನನ್ನು ಸಾಲಕ್ಕೆ ಕೊಟ್ಟು ಬೆಳೆಯನ್ನು ತಾನೇ ಬೆಲೆ ಕಟ್ಟಿ ಒಯ್ಯುತ್ತಾನೆ. ಪುಸ್ತಕ ಅವನದು, ಪೆನ್ನೂ ಅವನದು. ಸಾಲಗಾರನಿಗೆ ಕೂಡಿ ಕಳೆಯಲು ಬಂದರೆ ಆ ಪುಸ್ತಕಕ್ಕೆ ಮೊದಲ ಸಲ ಇನ್ನೊಬ್ಬ ಓದುಗ ಸಿಕ್ಕಂತೆ.

ಎಣಿಕೆ ಮತ್ತು ಎಲ್ಲೆ

ಹ್ಯಾಲಿವೆಲ್ ದಂಪತಿ ಎರಡೂವರೆ ಲಕ್ಷ ಜನರಿಗೆ ಚಿಕಿತ್ಸೆ ಕೊಟ್ಟರೆಂಬುದು ಅವರ ಸಭೆಯವರು ಹೇಳುವ ಸಂಖ್ಯೆ. ಮೂವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 23ರಷ್ಟಾಗುತ್ತದೆ, ಅಸಾಧ್ಯವೇನಲ್ಲ. ಆದರೆ ಅದನ್ನು ಚಿಕಿತ್ಸೆಗಳ ಎಣಿಕೆ ಎಂದು ಓದುವುದು ಕ್ಷೇಮ. ಮತ್ತೆ ಮತ್ತೆ ಜ್ವರ ಬರುವ ಹೊಳೆಯಲ್ಲಿ ಅದೇ ಮುಖಗಳು ಪುಸ್ತಕದಲ್ಲಿ ಹಲವು ಸಲ ಬಂದಿರಲೇಬೇಕು. 1942ರಲ್ಲಿ ಬ್ರೆಜಿಲ್ ಮತ್ತು ಅಮೆರಿಕ ಸರ್ಕಾರಗಳು ಕೂಡಿ ಸೆಸ್ಪ್ ಎಂಬ ಸಾರ್ವಜನಿಕ ಆರೋಗ್ಯ ಸೇವೆ ಕಟ್ಟಿದ ಮೇಲೆ ಹೊಳೆಯೂರುಗಳ ಮದ್ದಿನ ಹೊಣೆ ಮೆಲ್ಲಗೆ ಸರ್ಕಾರದತ್ತ ಸರಿಯಿತು. ದಂಪತಿಗೆ ಬ್ರೆಜಿಲ್ 'ದಕ್ಷಿಣ ಶಿಲುಬೆ' ಗೌರವ ಕೊಟ್ಟಿತು. ಲುಝೇರೊ ಹೆಸರು ಮುಂದೆ ಸಂಖ್ಯೆ ಸೇರಿಸಿಕೊಂಡು ಬೇರೆ ದೋಣಿಗಳಿಗೆ ನಡೆದುಬಂತು.

ಕಬೊಕ್ಲು ಹಳ್ಳಿಗೆ ಹೋಗುವುದಕ್ಕೂ ಹೊರಗಿನ ಸಂಪರ್ಕವೇ ಇಲ್ಲದ ಬುಡಕಟ್ಟಿನ ಬಳಿ ಹೋಗುವುದಕ್ಕೂ ಅಜಗಜಾಂತರ. ಎರಡನೆಯವರಿಗೆ ದಡಾರ, ಫ್ಲೂಗಳಿಗೆ ಎದುರು ನಿಲ್ಲುವ ಶಕ್ತಿ ಮೈಯಲ್ಲಿಲ್ಲ. ಭೇಟಿ ಎಷ್ಟೇ ಒಳ್ಳೆಯ ಮನಸ್ಸಿನದಾದರೂ ಒಂದು ಕೆಮ್ಮು ಊರನ್ನೇ ತೆಗೆಯಬಲ್ಲದು. ಅದಕ್ಕಾಗಿ ಬ್ರೆಜಿಲ್ 1987ರಿಂದ, ಅವರಾಗಿ ಬರದೆ ನಾವಾಗಿ ಹೋಗಬಾರದು ಎಂಬ ನೀತಿ ಹಿಡಿದಿದೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಅಲ್ಲಿನ ನ್ಯಾಯಾಲಯ ವಾಲೆ ದೊ ಜವಾರಿ ಮೂಲನಿವಾಸಿ ಪ್ರದೇಶಕ್ಕೆ ಮಿಷನರಿಗಳು ಕಾಲಿಡದಂತೆ ತಡೆಯಿತು. ಕೇಳಿದವರು ಅಲ್ಲಿನ ಮೂಲನಿವಾಸಿಗಳ ಸಂಘಟನೆಯವರೇ. ಈ ಎಲ್ಲೆ ಸರಿಯಾದದ್ದು. ಮತ್ತೆ ಬರಲಾಗದವರು ಮೊದಲ ಸಲ ಹೋಗಲೂಬಾರದು.

ಈಗ ತಪಜೋಸ್ ನದಿಯಲ್ಲಿ 2006ರಿಂದ ಅಬರೆ ಎಂಬ ಆಸ್ಪತ್ರೆ ದೋಣಿ ಓಡುತ್ತದೆ, ಮತಬೋಧನೆಯಿಲ್ಲದೆ. ಅದನ್ನು ನೋಡಿಯೇ ಸರ್ಕಾರ ತೇಲುವ ಆರೋಗ್ಯ ಕೇಂದ್ರಗಳ ಯೋಜನೆ ಮಾಡಿತು. ಮದ್ದು, ಲ್ಯಾಬ್, ಲಸಿಕೆ ಪೆಟ್ಟಿಗೆ ಎಲ್ಲ ಇವೆ. ಹೊಳೆ ಮಾತ್ರ ಹಿಂದಿನ ಹಾಗಿಲ್ಲ. ಮನೌಸ್ ಅಳತೆಗೋಲು 2021ರಲ್ಲಿ 30.02 ಮೀಟರ್ ಮುಟ್ಟಿ ದಾಖಲೆ ಮಾಡಿತು. 2023ರ ಅಕ್ಟೋಬರ್‌ನಲ್ಲಿ 12.70ಕ್ಕೆ, ಮರುವರ್ಷ 12.11ಕ್ಕೆ ಕುಸಿದು ತಳದ ದಾಖಲೆಯನ್ನೂ ಮುರಿಯಿತು. ಅಂಥ ತಿಂಗಳುಗಳಲ್ಲಿ ದೊಡ್ಡ ದೋಣಿ ನಡುಹೊಳೆಯಲ್ಲೇ ನಿಲ್ಲುತ್ತದೆ. ಒಳಗಿನ ಊರಿಗೆ ಹೋಗುವುದು ರಬೇತಾ ಎಂಬ ಉದ್ದ ಶಾಫ್ಟಿನ ಸಣ್ಣ ಇಂಜಿನ್ ಕೂರಿಸಿದ ಓಡ. ಹಿಡಿ ಕೆಳಗೊತ್ತಿದರೆ ಪ್ರೊಪೆಲರ್ ನೀರಿಂದ ಮೇಲೇಳುತ್ತದೆ, ಹುಲ್ಲಿನ ಮೇಲೆ ಜಾರಿಸಿ ದಾಟಿಸಬಹುದು. ಅದೂ ಹೋಗದ ಕಡೆ ಒಣಗಿ ಬಿರುಕುಬಿಟ್ಟ ಕೆರೆಯಂಗಳವೇ ದಾರಿ. ರೋಗಿಯನ್ನು ಜೋಲಿಯಲ್ಲಿ ಮಲಗಿಸಿ, ಬೊಂಬಿನ ಎರಡೂ ತುದಿಗೆ ಹೆಗಲು ಕೊಟ್ಟು, ದೋಣಿ ನಿಂತಿರುವ ಕಡೆಗೆ ಊರವರೇ ನಡೆಯುತ್ತಾರೆ.